ಕಚ್ಚದೆ ಸುಡುವ ಕೀಟ: ಪೀಡೆರಸ್ ಫ್ಯೂಸಿಪೀಸ್

ಮುಂಗಾರು ಮಳೆ ಚೆನ್ನಾಗಿ ಹಿಡಿದ ಮೇಲೆ, ಮತ್ತೆ ಮಳೆ ಹಿಂದೆ ಸರಿಯುವ ದಿನಗಳಲ್ಲಿ, ಚರ್ಮರೋಗ ವೈದ್ಯರ ಬಳಿಗೆ ಒಂದು ಬಗೆಯ ರೋಗಿಗಳು ಸಾಲುಸಾಲಾಗಿ ಬರತೊಡಗುತ್ತಾರೆ. ಅವರೆಲ್ಲರ ದೂರು ಹೆಚ್ಚುಕಡಿಮೆ ಒಂದೇ. ಬೆಳಗ್ಗೆ ಎದ್ದು ನೋಡಿದರೆ ಕತ್ತಿನ ಮೇಲೆ ಚಾಟಿಯಿಂದ ಬಾರಿಸಿದಂತೆ ಒಂದು ಕೆಂಪು ಗೆರೆ; ಅದರ ಮೇಲೆ ಸಣ್ಣ ಸಣ್ಣ ಗುಳ್ಳೆಗಳು; ಬೆಂಕಿ ತಗುಲಿದಂಥ ಉರಿ. ಏನಾದರೂ ಕಚ್ಚಿತೇ ಎಂದು ಕೇಳಿದರೆ ಯಾರಿಗೂ ನೆನಪಿಲ್ಲ. ಮನೆಯ ಹಿರಿಯರು ಅದನ್ನು ನೋಡಿ ಸರ್ಪಸುತ್ತು ಎನ್ನುತ್ತಾರೆ. ನೆರೆಮನೆಯವರು ಸಾಬೂನು ಒಗ್ಗಲಿಲ್ಲವೆನ್ನುತ್ತಾರೆ. ಔಷಧದಂಗಡಿಯವನು ಯಾವುದೋ ಒಂದು ಮುಲಾಮಿನ ಟ್ಯೂಬನ್ನು ಕೊಟ್ಟು ಕಳುಹಿಸುತ್ತಾನೆ. ನಿಜವಾದ ಕಾರಣ ಮಾತ್ರ ಹಿಂದಿನ ದಿನದ ಅಥವಾ ಅದಕ್ಕೂ ಹಿಂದಿನ ರಾತ್ರಿ ದೀಪದ ಸುತ್ತ ಸುಳಿದು, ಕತ್ತಿನ ಮೇಲೆ ಬಂದು ಕುಳಿತು, ನಿದ್ದೆಗಣ್ಣಿನ ಕೈಗೆ ಸಿಕ್ಕಿ ನುಚ್ಚುನೂರಾದ ಒಂದು ಚಿಕ್ಕ ಹುಳು.

ಆ ಹುಳುವಿನ ಬಗೆಗೆ ಎರಡು ಮಾತುಗಳನ್ನು ಮೊದಲೇ ಹೇಳಿಬಿಡಬೇಕು. ಅದು ಕಚ್ಚುವುದಿಲ್ಲ, ಅದಕ್ಕೆ ಕೊಂಡಿಯೂ ಇಲ್ಲ. ಅದರಿಂದ ಆಗುವ ಗಾಯ ಬಹುಮಟ್ಟಿಗೆ ನಮ್ಮ ಕೈಯಿಂದಲೇ ಆಗುವಂಥದು. ಆದುದರಿಂದ ಈ ಪೀಡೆಗೆ ಮೊದಲ ಮದ್ದು ಔಷಧವಲ್ಲ, ಪರಿಚಯ. ಈ ಜೀವಿ ಯಾವುದು, ಜೀವಶಾಸ್ತ್ರಜ್ಞರು ಅದನ್ನು ಎಲ್ಲಿ ಇರಿಸಿದ್ದಾರೆ, ಅದು ಎಲ್ಲೆಲ್ಲಿ ವಾಸಿಸುತ್ತದೆ, ಅದರ ವಿಷದ ಸ್ವರೂಪವೇನು, ಅದರೊಡನೆ ನಾವು ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಈ ಲೇಖನದಲ್ಲಿ ಸಂಗ್ರಹವಾಗಿ ವಿವರಿಸಲು ಯತ್ನಿಸಲಾಗಿದೆ.

ಹುಳುವಿನ ರೂಪ

ಇದರ ವೈಜ್ಞಾನಿಕ ನಾಮಧೇಯ ಪೀಡೆರಸ್ ಫ್ಯೂಸಿಪೀಸ್. ಉದ್ದ ಸುಮಾರು 7 ಮಿಲಿಮೀಟರು. ಅಂದರೆ ಒಂದು ಅಕ್ಕಿಕಾಳಿನಷ್ಟು. ದೂರದಿಂದ ನೋಡಿದವರು ಇದನ್ನು ದೊಡ್ಡ ಇರುವೆಯೆಂದೇ ಭಾವಿಸುತ್ತಾರೆ. ಹತ್ತಿರದಿಂದ ನೋಡಿದರೆ ಬಣ್ಣಗಳ ಪಟ್ಟಿ ಸ್ಪಷ್ಟವಾಗಿ ಕಾಣುತ್ತದೆ: ತಲೆ ಕಪ್ಪು, ಅದರ ಹಿಂದಿನ ಎದೆಯ ಭಾಗ ಕಿತ್ತಳೆಗೆಂಪು, ನಡುವೆ ಲೋಹದಂತೆ ಮಿನುಗುವ ನೀಲಿ ಅಥವಾ ನೀಲಿಹಸಿರಿನ ಒಂದು ತುಂಡು, ಆಮೇಲೆ ಮತ್ತೆ ಕಿತ್ತಳೆಗೆಂಪಿನ ಹೊಟ್ಟೆ, ಹೊಟ್ಟೆಯ ತುದಿ ಕಪ್ಪು. ಗಾಬರಿಯಾದಾಗ ಅದು ಹೊಟ್ಟೆಯ ತುದಿಯನ್ನು ಚೇಳಿನಂತೆ ಮೇಲಕ್ಕೆತ್ತಿ ಓಡುತ್ತದೆ. ಈ ಭಂಗಿಯನ್ನು ಕಂಡೇ ಜನರು ಅದಕ್ಕೆ ಕೊಂಡಿಯಿದೆಯೆಂದು ನಂಬಿರುವುದು. ಆದರೆ ಅದು ಬರಿಯ ಬೆದರಿಕೆ.

ನಡುವಿನ ನೀಲಿ ತುಂಡು ನಿಜವಾಗಿ ಅದರ ಮುಂದಿನ ರೆಕ್ಕೆಗಳ ಜೋಡಿ. ಸಾಮಾನ್ಯ ದುಂಬಿಗಳಲ್ಲಿ ಈ ಗಟ್ಟಿ ರೆಕ್ಕೆಗಳು ಹೊಟ್ಟೆಯನ್ನು ಪೂರ್ತಿ ಮುಚ್ಚಿಕೊಂಡಿರುತ್ತವೆ. ಇಲ್ಲಿ ತುಂಡು ರವಿಕೆಯಂತೆ ಅರ್ಧಕ್ಕೇ ನಿಂತಿವೆ. ಹಾರಲು ಬೇಕಾದ ತೆಳುವಾದ ಹಿಂದಿನ ರೆಕ್ಕೆಗಳು ಆ ಪುಟ್ಟ ಮುಚ್ಚಳದ ಕೆಳಗೆ ಹಲವು ಮಡಿಕೆಗಳಾಗಿ ಅಡಗಿರುತ್ತವೆ. ಬೇಕೆಂದಾಗ ಅವು ಕ್ಷಣಾರ್ಧದಲ್ಲಿ ಬಿಚ್ಚಿಕೊಳ್ಳುತ್ತವೆ. ಹುಳು ಗದ್ದೆಯಿಂದ ಎದ್ದು ಎತ್ತರದ ಮನೆಯ ಕಿಟಕಿಯ ದೀಪದ ಕಡೆಗೆ ಹಾರುತ್ತದೆ. ನೆಲದ ಮೇಲೆ ಇರುವೆಯಂತೆ ಓಡುವ ಈ ಪ್ರಾಣಿಗೆ ರೆಕ್ಕೆಯಿದೆ ಎಂಬುದೇ ಅನೇಕರಿಗೆ ಹೊಳೆಯುವುದಿಲ್ಲ.

ವರ್ಗೀಕರಣದಲ್ಲಿ ಇದರ ಸ್ಥಾನ

ಕೀಟಗಳನ್ನು ವಿಜ್ಞಾನಿಗಳು ಹಲವು ಗಣಗಳಾಗಿ ವಿಂಗಡಿಸಿದ್ದಾರೆ. ಅವುಗಳಲ್ಲಿ ಅತ್ಯಂತ ದೊಡ್ಡದು ದುಂಬಿಗಳ ಗಣ. ಅದರ ಹೆಸರು ಕೋಲಿಯಾಪ್ಟೆರ. ಒರೆಯಂಥ ರೆಕ್ಕೆಯುಳ್ಳದ್ದು ಎಂದು ಆ ಗ್ರೀಕ್ ಪದದ ಅರ್ಥ. ಅರಿಸ್ಟಾಟಲನೇ ಬಳಸಿದ ಮಾತು ಅದು. ಕತ್ತಿಗೆ ಒರೆಯಿದ್ದಂತೆ ಹಾರುವ ರೆಕ್ಕೆಗೆ ಗಟ್ಟಿರೆಕ್ಕೆಯ ಹೊದಿಕೆ. ಈ ಗಣದಲ್ಲಿ ಇದುವರೆಗೆ ಸುಮಾರು 4 ಲಕ್ಷ ಪ್ರಭೇದಗಳನ್ನು ಗುರುತಿಸಿ ಹೆಸರಿಡಲಾಗಿದೆ. ಸಗಣಿಹುಳು, ಗುಲಗಂಜಿ ಹುಳು, ಮಿಂಚುಹುಳು, ತೆಂಗಿನ ಸುಳಿಯನ್ನು ಕೊರೆಯುವ ಕುರುವಾಯಿ, ಎಲ್ಲವೂ ಈ ಗಣಕ್ಕೇ ಸೇರಿದವು.

ಈ ಗಣದೊಳಗಿನ ಒಂದು ಕುಟುಂಬ ಸ್ಟಾಫಿಲಿನಿಡೀ. ಮೋಟು ರೆಕ್ಕೆಯ ದುಂಬಿಗಳೆಲ್ಲ ಬಹುತೇಕ ಇದರಲ್ಲಿವೆ. ಒಂದೆಡೆ ನಿಲ್ಲದೆ ಸದಾ ಅಲೆದಾಡುವುದರಿಂದ ಇಂಗ್ಲಿಷಿನಲ್ಲಿ ಇವುಗಳಿಗೆ ರೋವ್ ಬೀಟಲ್, ಎಂದರೆ ಅಲೆಮಾರಿ ದುಂಬಿ, ಎಂದು ಹೆಸರು. 60,000ಕ್ಕೂ ಹೆಚ್ಚು ಪ್ರಭೇದಗಳಿರುವ ಈ ಕುಟುಂಬ ಪ್ರಾಣಿಪ್ರಪಂಚದ ಅತಿ ದೊಡ್ಡ ಕುಟುಂಬಗಳಲ್ಲಿ ಒಂದು. ಕೊಳೆತ ಎಲೆ, ಸಗಣಿ, ಅಣಬೆ, ಹೊಳೆದಂಡೆಯ ಮರಳು, ಇರುವೆಗಳ ಗೂಡು, ಹೀಗೆ ತೇವವಿರುವಲ್ಲೆಲ್ಲ ಇವು ವಾಸಿಸುತ್ತವೆ. ಇವುಗಳಲ್ಲಿ ಬಹುಪಾಲಿನವು ಮನುಷ್ಯನಿಗೆ ಯಾವ ತೊಂದರೆಯನ್ನೂ ಕೊಡುವವಲ್ಲ.

ಸ್ಟಾಫಿಲಿನಿಡೀ ಕುಟುಂಬದಲ್ಲಿ ಪೀಡೆರಿನೀ ಎಂಬುದೊಂದು ಉಪಕುಟುಂಬ. ಅದರೊಳಗೆ ಪೀಡೆರಸ್ ಎಂಬುದೊಂದು ಜಾತಿ. ಜಾತಿಯೆಂಬ ಶಬ್ದವನ್ನು ಇಲ್ಲಿ ಜೀವಶಾಸ್ತ್ರದ ಅರ್ಥದಲ್ಲಿ, ಹತ್ತಿರದ ಪ್ರಭೇದಗಳ ಗುಂಪು ಎಂದು ತಿಳಿಯಬೇಕು. ಪೀಡೆರಸ್ ಎಂಬ ಹೆಸರನ್ನು 1775ರಲ್ಲಿ ಕೊಟ್ಟವನು ಡೆನ್ಮಾರ್ಕಿನ ಜೋಹಾನ್ ಕ್ರಿಸ್ಟಿಯನ್ ಫಾಬ್ರಿಸಿಯಸ್. ಜೀವಿಗಳಿಗೆ ಎರಡು ಪದಗಳ ಹೆಸರಿಡುವ ಪದ್ಧತಿಯನ್ನು ಸ್ಥಾಪಿಸಿದ ಲಿನ್ನೇಯಸನ ಶಿಷ್ಯ ಈತ. ಈ ಜಾತಿಯಲ್ಲಿ 600ಕ್ಕೂ ಮಿಕ್ಕಿ ಪ್ರಭೇದಗಳು ತಿಳಿದುಬಂದಿದ್ದರೂ ಮನುಷ್ಯರ ಚರ್ಮಕ್ಕೆ ಹಾನಿ ಮಾಡಿದ್ದು ದಾಖಲಾಗಿರುವುದು ಅವುಗಳಲ್ಲಿ ಕೆಲವು ಡಜನುಗಳಷ್ಟರಿಂದ ಮಾತ್ರ.

ನಮ್ಮ ಪ್ರಭೇದವನ್ನು 1826ರಲ್ಲಿ ವರ್ಣಿಸಿದವನು ಜಾನ್ ಕರ್ಟಿಸ್ ಎಂಬ ಇಂಗ್ಲಿಷ್ ಕೀಟಶಾಸ್ತ್ರಜ್ಞ. 1824ರಿಂದ 1839ರವರೆಗೆ ಬ್ರಿಟನ್ನಿನ ಕೀಟಗಳ ಸಚಿತ್ರ ಗ್ರಂಥವನ್ನು ಕಂತುಕಂತಾಗಿ ಹೊರತಂದವನು ಅವನು. ಫ್ಯೂಸಿಪೀಸ್ ಎಂಬುದಕ್ಕೆ ಲ್ಯಾಟಿನಿನಲ್ಲಿ ಕಂದು ಕಾಲಿನದು ಎಂದು ಅರ್ಥ. ಭಾರತದ ಗದ್ದೆಗಳಲ್ಲಿ ಓಡಾಡುವ ಈ ಹುಳುವಿಗೆ ಹೆಸರು ಸಿಕ್ಕಿದ್ದು ಇಂಗ್ಲೆಂಡಿನಲ್ಲಿ ಹೇಗೆ ಎಂಬ ಪ್ರಶ್ನೆ ಏಳುವುದು ಸಹಜ. ಉತ್ತರ ಸರಳ: ಅಲ್ಲಿಯೂ ಅದು ಇದೆ.

ವ್ಯಾಪ್ತಿ ಮತ್ತು ಹಲವು ಹೆಸರುಗಳು

ಒಂದೇ ಪ್ರಭೇದ ಇಷ್ಟು ವಿಶಾಲವಾದ ಭೂಭಾಗದಲ್ಲಿ ಹರಡಿರುವುದು ಅಪರೂಪ. ಪಶ್ಚಿಮದಲ್ಲಿ ಬ್ರಿಟಿಷ್ ದ್ವೀಪಗಳಿಂದ ಮೊದಲುಗೊಂಡು ಯುರೋಪು, ಇರಾನ್, ಮಧ್ಯ ಏಷ್ಯ, ಭಾರತ, ಶ್ರೀಲಂಕಾ, ಚೀನಾಗಳನ್ನು ದಾಟಿ ಪೂರ್ವದಲ್ಲಿ ಜಪಾನಿನವರೆಗೂ, ಆಗ್ನೇಯದಲ್ಲಿ ಮಲೇಷ್ಯ, ಇಂಡೊನೇಷ್ಯಗಳ ಮೂಲಕ ಆಸ್ಟ್ರೇಲಿಯದವರೆಗೂ ಪೀಡೆರಸ್ ಫ್ಯೂಸಿಪೀಸ್ ಕಂಡುಬಂದಿದೆ. ಇಷ್ಟು ದೂರ ಹರಡಿದ್ದರೂ ಅದು ಆರಿಸಿಕೊಳ್ಳುವ ನೆಲೆ ಮಾತ್ರ ಎಲ್ಲೆಡೆಯೂ ಒಂದೇ: ತೇವದ ಮಣ್ಣು, ಹುಲ್ಲು, ಕೆರೆಯಂಚು, ಹೊಳೆದಂಡೆ, ಜೌಗು, ಎಲ್ಲಕ್ಕಿಂತ ಮಿಗಿಲಾಗಿ ಭತ್ತದ ಗದ್ದೆ. ತಂಪು ದೇಶಗಳಲ್ಲಿ ಅದರ ಸಂತತಿ ಮಿತವಾಗಿರುತ್ತದೆ. ಆದುದರಿಂದ ಇಂಗ್ಲೆಂಡಿನವರಿಗೆ ಅದು ಬರಿಯ ಸಂಗ್ರಹಯೋಗ್ಯ ದುಂಬಿ. ಮಳೆ ಮತ್ತು ಶಾಖ ಎರಡೂ ಇರುವ ಏಷ್ಯದ ಭತ್ತದ ನಾಡುಗಳಲ್ಲಿ ಅದು ಆರೋಗ್ಯದ ಪ್ರಶ್ನೆ.

ಹೀಗಾಗಿ ದೇಶದೇಶಗಳಲ್ಲಿ ಅದಕ್ಕೆ ಬೇರೆಬೇರೆ ಹೆಸರುಗಳು ಬಿದ್ದಿವೆ. ಚೀನಾದ ವೈದ್ಯ ಚೆನ್ ತ್ಸಾಂಗ್‌ಚಿ ಕ್ರಿ.ಶ. 739ರಲ್ಲಿಯೇ ನೀಲಿ ಸೊಂಟದ ಒಂದು ಹುಳುವನ್ನು ವರ್ಣಿಸಿ, ಅದರ ವಿಷ ಚರ್ಮವನ್ನು ಸುಲಿಯುವುದೆಂದೂ ಹಚ್ಚೆಯನ್ನು ಅಳಿಸಲು ಅದನ್ನು ಬಳಸಬಹುದೆಂದೂ ಬರೆದಿದ್ದಾನೆ. ಆ ವರ್ಣನೆ ಪೀಡೆರಸ್‌ಗೇ ಸಲ್ಲುವುದೆಂದು ವಿದ್ವಾಂಸರ ಅಭಿಪ್ರಾಯ. ಜಪಾನೀಯರು ಇದನ್ನು ಸುಟ್ಟಗಾಯದ ಹುಳು ಎಂಬರ್ಥದ ಹೆಸರಿನಿಂದ ಕರೆಯುತ್ತಾರೆ. ಇಂಡೊನೇಷ್ಯದಲ್ಲಿ ಇದು ಟಾಮ್‌ಕ್ಯಾಟ್. 2012ರ ಮಾರ್ಚಿನಲ್ಲಿ ಸುರಬಾಯ ನಗರದ ವಸತಿಗಳಿಗೆ ಇದು ದಂಡೆತ್ತಿ ಬಂದಾಗ ಆ ಹೆಸರು ದೇಶದ ಮನೆಮನೆಯ ಮಾತಾಯಿತು. ಪೂರ್ವ ಆಫ್ರಿಕದಲ್ಲಿ ಇದೇ ಜಾತಿಯ ಬೇರೆ ಎರಡು ಪ್ರಭೇದಗಳಿವೆ. ಅವುಗಳ ಹೆಸರು ಪೀಡೆರಸ್ ಸೇಬಿಯಸ್ ಮತ್ತು ಪೀಡೆರಸ್ ಎಕ್ಸಿಮಿಯಸ್. ಅಲ್ಲಿಯ ಜನ ಅವುಗಳನ್ನು ನೈರೋಬಿ ಫ್ಲೈ ಎನ್ನುತ್ತಾರೆ. ಅವು ನೊಣಗಳೂ ಅಲ್ಲ, ನೈರೋಬಿಗೆ ಸೀಮಿತವೂ ಅಲ್ಲ. ಆದರೂ ಹೆಸರು ನಿಂತುಬಿಟ್ಟಿದೆ.

ಈ ಹೆಸರೇ ನಮ್ಮಲ್ಲಿ ಒಂದು ತಪ್ಪು ತಿಳಿವಳಿಕೆಗೆ ಕಾರಣವಾಯಿತು. 2022ರ ಜುಲೈಯಲ್ಲಿ ಸಿಕ್ಕಿಮಿನ ಒಂದು ತಾಂತ್ರಿಕ ಕಾಲೇಜಿನ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ಇಂಥ ಚರ್ಮದ ಉರಿ ಕಾಣಿಸಿಕೊಂಡಾಗ, ಆಫ್ರಿಕದ ನೊಣವೊಂದು ಭಾರತಕ್ಕೆ ಬಂದಿಳಿಯಿತೆಂಬ ಧಾಟಿಯಲ್ಲಿ ಸುದ್ದಿ ಹರಡಿತು. ಆ್ಯಸಿಡ್ ಹುಳು ಎಂಬ ಹೆಸರೂ ಅದಕ್ಕೆ ಅಂಟಿಕೊಂಡಿತು. ಆದರೆ ಪೀಡೆರಸ್ ಜಾತಿ ಭಾರತಕ್ಕೆ ಹೊಸದಲ್ಲ. ನೌಕಾದಳದ ವೈದ್ಯನಾಗಿದ್ದ ಮಾಲ್ಕಮ್ ಕ್ಯಾಮರನ್ 1930ರಿಂದ 1939ರವರೆಗಿನ ಅವಧಿಯಲ್ಲಿ ನಾಲ್ಕು ಸಂಪುಟಗಳಲ್ಲಿ ಅಂದಿನ ಬ್ರಿಟಿಷ್ ಇಂಡಿಯಾದ ಅಲೆಮಾರಿ ದುಂಬಿಗಳನ್ನೆಲ್ಲ ವರ್ಣಿಸಿದ್ದಾನೆ. ಪೀಡೆರಸ್‌ಗಳು ಅವನ ಕಾಲಕ್ಕಾಗಲೇ ಈ ನೆಲದ ಹಳೆಯ ನಿವಾಸಿಗಳು. ಹೊಸದಾಗಿ ಬಂದದ್ದು ಹುಳುವಲ್ಲ. ಅದರ ನೆಲೆಯ ಪಕ್ಕದಲ್ಲಿ ಎದ್ದು ನಿಂತ ನಮ್ಮ ಕಟ್ಟಡಗಳು ಮತ್ತು ಅವುಗಳ ದೀಪಗಳು. ಪರಸ್ಥಳದಿಂದ ಬಂದವರೆಂದು ಯಾರನ್ನು ಕರೆಯಬೇಕೆಂಬ ಪ್ರಶ್ನೆ ಹೊರನಾಡಿನಲ್ಲಿರುವ ನಮಗೆ ಅಪರಿಚಿತವಲ್ಲ. ಇಲ್ಲಿ ಮಾತ್ರ ಉತ್ತರ ನಿಸ್ಸಂದೇಹವಾಗಿದೆ.

ವಿಷದ ಸ್ವರೂಪ

ಈ ಹುಳುವಿನ ದೇಹದ್ರವದಲ್ಲಿರುವ ವಿಷದ ಹೆಸರು ಪೆಡೆರಿನ್. ಇಟಲಿಯ ವಿಜ್ಞಾನಿಗಳಾದ ಮಾರಿಯೊ ಪವಾನ್ ಮತ್ತು ಬೊ 1953ರಲ್ಲಿ ಪೀಡೆರಸ್ ಫ್ಯೂಸಿಪೀಸ್‌ನಿಂದಲೇ ಇದನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿದರು. ಹುಳುವಿನ ತೂಕದಲ್ಲಿ ಇದರ ಪಾಲು ಶೇಕಡಾ 0.025ರಷ್ಟು ಮಾತ್ರ. ಆದ್ದರಿಂದ ಇದರ ರಚನೆಯನ್ನು ನಿರ್ಧರಿಸುವ ಕೆಲಸಕ್ಕಾಗಿ ಸುಮಾರು 2.5 ಕೋಟಿ ಹುಳುಗಳನ್ನು ಹಿಡಿದು ಸಂಗ್ರಹಿಸಬೇಕಾಯಿತು! ರಚನೆಯ ಪೂರ್ಣ ಚಿತ್ರ 1960ರ ದಶಕದಲ್ಲಿ ಸ್ಪಷ್ಟವಾಯಿತು.

ಪೆಡೆರಿನ್ ಆಮ್ಲವಲ್ಲ. ಆ್ಯಸಿಡ್ ಹುಳು ಎಂಬ ಹೆಸರು ಗಾಯದ ನೋಟದಿಂದ ಬಂದದ್ದೇ ಹೊರತು ರಸಾಯನಶಾಸ್ತ್ರದಿಂದಲ್ಲ. ಆಮ್ಲ ತಾಗಿದ ಕ್ಷಣದಲ್ಲೇ ಸುಡುತ್ತದೆ. ಪೆಡೆರಿನ್ ಜೀವಕೋಶಗಳೊಳಗೆ ಹೊಕ್ಕು ಅವು ಪ್ರೋಟೀನುಗಳನ್ನು ತಯಾರಿಸುವ ಕಾರ್ಯವನ್ನೂ ಹೊಸ ಡಿ.ಎನ್.ಎ. ರಚಿಸುವ ಕಾರ್ಯವನ್ನೂ ತಡೆಯುತ್ತದೆ. ಕೋಶಗಳು ವಿಭಜನೆಯಾಗಲಾರದೆ ಸಾಯುತ್ತವೆ. ಚರ್ಮದ ಮೇಲ್ಪದರದ ಕೋಶಗಳು ಒಂದರಿಂದೊಂದು ಬಿಟ್ಟುಕೊಂಡು ನಡುವೆ ನೀರು ತುಂಬುತ್ತದೆ. ಇದೆಲ್ಲ ನಡೆಯಲು ಸಮಯ ಬೇಕು. ಹುಳುವನ್ನು ಹೊಸಕಿದ ಕೂಡಲೇ ಏನೂ ತೋರದೆ, ಒಂದು ದಿನ ಅಥವಾ ಎರಡು ದಿನಗಳ ಮೇಲೆ ಗಾಯ ಮೇಲೇಳುವುದು ಈ ಕಾರಣದಿಂದಲೇ. ಅಷ್ಟು ಹೊತ್ತಿಗೆ ಹುಳುವಿನ ನೆನಪು ಮರೆತುಹೋಗಿರುತ್ತದೆ.

ನಾಗರಹಾವಿನ ವಿಷಕ್ಕಿಂತಲೂ ಇದು ಪ್ರಬಲವೆಂಬ ಮಾತು ಪ್ರಚಾರದಲ್ಲಿದೆ. ಅಳತೆಗೆ ಅಳತೆ ಹೋಲಿಸಿದರೆ ಅದರಲ್ಲಿ ಸತ್ಯವಿರಬಹುದು. ಆದರೆ ಹೋಲಿಕೆಯೇ ದಾರಿ ತಪ್ಪಿಸುವಂಥದು. ಹಾವು ತನ್ನ ವಿಷವನ್ನು ಹಲ್ಲಿನ ಮೂಲಕ ದೇಹದ ಒಳಕ್ಕೆ ಇಳಿಸುತ್ತದೆ. ಈ ಹುಳುವಿನಲ್ಲಿರುವುದು ಅತ್ಯಲ್ಪ ಪ್ರಮಾಣದ ವಿಷ. ಅದನ್ನು ಒಳಕ್ಕಿಳಿಸುವ ಸಾಧನವೂ ಅದಕ್ಕಿಲ್ಲ. ಚರ್ಮದ ಮೇಲೆ ಅದು ಮಾಡುವ ಗಾಯದಿಂದ ಪ್ರಾಣಭಯವಿಲ್ಲ.

ಈ ವಿಷವನ್ನು ಹುಳು ತಾನೇ ತಯಾರಿಸುವುದಿಲ್ಲವೆಂಬುದು ಇನ್ನೂ ಕುತೂಹಲದ ಸಂಗತಿ. ಹೆಣ್ಣುಹುಳುವಿನ ದೇಹದಲ್ಲಿ ಆಶ್ರಯ ಪಡೆದಿರುವ ಒಂದು ಬ್ಯಾಕ್ಟೀರಿಯ ಅದನ್ನು ತಯಾರಿಸಿಕೊಡುತ್ತದೆ. ಜರ್ಮನಿಯ ವಿಜ್ಞಾನಿ ಯೋರ್ನ್ ಪೀಲ್ 2002ರಲ್ಲಿ ಇದಕ್ಕೆ ಕಾರಣವಾದ ವಂಶವಾಹಿಗಳನ್ನು ಗುರುತಿಸಿ, ಅವು ಸ್ಯೂಡೊಮೊನಾಸ್ ಬಳಗದ ಬ್ಯಾಕ್ಟೀರಿಯಕ್ಕೆ ಸೇರಿದವೆಂದು ತೋರಿಸಿದನು. ತಾಯಿ ಈ ವಿಷವನ್ನು ತನ್ನ ಮೊಟ್ಟೆಗಳಿಗೆ ಧಾರೆಯೆರೆಯುತ್ತದೆ. ಅದರಿಂದ ಹುಟ್ಟಿದ ಮರಿಹುಳುಗಳನ್ನು ಬಾಯಿಗೆ ಹಾಕಿಕೊಂಡ ಜೇಡ ಕೂಡಲೇ ಉಗುಳಿಬಿಡುತ್ತದೆ. ತೇವದ ಮಣ್ಣಿನಲ್ಲಿ ಬಿಡಿಬಿಡಿಯಾಗಿ ಬಿದ್ದ ಮೊಟ್ಟೆಗಳಿಗೆ ತಾಯಿ ಇತ್ತ ಕವಚ ಅದು. ನಮ್ಮ ಕತ್ತಿನ ಮೇಲಿನ ಗೆರೆ ಆ ಕವಚದ ಅನುದ್ದೇಶಿತ ಫಲ.

ಗಾಯದ ಲಕ್ಷಣಗಳು

ದೇಹದ ಬಟ್ಟೆಯಿಲ್ಲದ ಭಾಗಗಳಲ್ಲಿ, ಅಂದರೆ ಮುಖ, ಕತ್ತು, ತೋಳು, ಭುಜ, ಕಾಲುಗಳಲ್ಲಿ ಇದು ಹೆಚ್ಚು. ಮೊದಲು ಕೆಂಪಾಗಿ ಉರಿ. ಆಮೇಲೆ ಗೆರೆಯಂಥ ಊತ. ಅದರ ಮೇಲೆ ನೀರುಗುಳ್ಳೆಗಳು. ಕೆಲವೊಮ್ಮೆ ನಡುವೆ ಬೂದುಬಣ್ಣದ, ಕೀವು ತುಂಬಿದಂತೆ ಕಾಣುವ ಪಟ್ಟಿ. ಕೈಯಿಂದ ಉಜ್ಜಿದ ದಿಕ್ಕಿಗೇ ಗಾಯ ಗೆರೆಯಾಗಿ ಎಳೆದುಕೊಳ್ಳುವುದು ಇದರ ಮುಖ್ಯ ಗುರುತು. ಇನ್ನೊಂದು ಗುರುತು ಜೋಡಿಗಾಯ: ಮೊಣಕೈಯ ಮಡಿಕೆಯಲ್ಲಿ ಅಥವಾ ತೊಡೆಗಳ ನಡುವೆ ಒಂದು ಬದಿಗೆ ತಗುಲಿದ ವಿಷ, ಮಡಿಸಿದಾಗ ಎದುರಿನ ಬದಿಗೂ ಅಂಟಿ, ಕನ್ನಡಿಯ ಪ್ರತಿಬಿಂಬದಂತೆ ಎರಡು ಗಾಯಗಳಾಗುತ್ತವೆ.

ವಿಷ ತಗುಲಿದ ಬೆರಳಿನಿಂದ ಕಣ್ಣುಜ್ಜಿಕೊಂಡರೆ ರೆಪ್ಪೆ ಊದಿ, ಕಣ್ಣು ಕೆಂಪಾಗಿ ತೀವ್ರ ನೋವಾಗುತ್ತದೆ. ಪೂರ್ವ ಆಫ್ರಿಕದಲ್ಲಿ ಇದಕ್ಕೆ ನೈರೋಬಿ ಕಣ್ಣು ಎಂದೇ ಹೆಸರಿದೆ. ಸಾಮಾನ್ಯವಾದ ಗಾಯ ಹತ್ತು ದಿನಗಳಿಂದ ಮೂರು ವಾರಗಳೊಳಗೆ ಒಣಗಿ ಸುಲಿದುಹೋಗುತ್ತದೆ. ಆ ಜಾಗದಲ್ಲಿ ಕಪ್ಪು ಕಲೆ ಕೆಲವು ಕಾಲ ಉಳಿದು ಕ್ರಮೇಣ ಮಾಸುತ್ತದೆ. ಇದು ಅಂಟುರೋಗವಲ್ಲ. ಗುಳ್ಳೆಯೊಡೆದು ಹೊರಬರುವ ನೀರಿನಿಂದ ಇನ್ನೊಬ್ಬರಿಗೆ ಹರಡುವುದಿಲ್ಲ. ಆದರೂ ಒಂದೇ ಕೋಣೆಯಲ್ಲಿ ಮಲಗುವ ನಾಲ್ವರಿಗೆ, ಒಂದೇ ವಸತಿಗೃಹದ ಹಲವರಿಗೆ, ಒಮ್ಮೆಲೇ ಬರಬಹುದು. ಅದಕ್ಕೆ ಕಾರಣ ಅವರೆಲ್ಲರೂ ಒಂದೇ ದೀಪದ ಕೆಳಗಿರುವುದು. ಓಕಿನಾವಾ ದ್ವೀಪದಲ್ಲಿ 1960ರ ದಶಕದಲ್ಲಿ ಪೀಡೆರಸ್ ಫ್ಯೂಸಿಪೀಸ್‌ನಿಂದ ಇದು ಸಾಂಕ್ರಾಮಿಕದಂತೆ ತೋರಿದ್ದೂ ಹೀಗೆಯೇ.

ಸರ್ಪಸುತ್ತು ಮತ್ತು ಈ ಗಾಯ

ನಮ್ಮ ಜನರಲ್ಲಿ ಗೆರೆಯಾಗಿ ಏಳುವ ಗುಳ್ಳೆಗಳೆಲ್ಲ ಸರ್ಪಸುತ್ತೇ. ಮುಂಬಯಿ, ಪುಣೆಗಳ ಮರಾಠಿ ನೆರೆಹೊರೆಯವರು ಇದನ್ನು ನಾಗೀಣ ಎನ್ನುತ್ತಾರೆ. ಮದ್ರಾಸಿನ ಕಡೆ ಅಕ್ಕಿ ಎನ್ನುತ್ತಾರೆ. ಹಾವಿನ ತಲೆಯೂ ಬಾಲವೂ ಕೂಡಿದರೆ ಆಯುಷ್ಯ ಮುಗಿಯಿತೆಂಬ ಭಯ ಇಂದಿಗೂ ಹಲವು ಮನೆಗಳಲ್ಲಿದೆ. ಈ ಭಯದಿಂದ ಹುಳುವಿನ ಗಾಯಕ್ಕೆ ಮಂತ್ರ ಹಾಕಿಸುವುದು, ಕಾವಿ ಬಳಿಸುವುದು ನಡೆಯುತ್ತದೆ. ಗಾಯ ಎರಡು ವಾರಗಳಲ್ಲಿ ತಾನಾಗಿಯೇ ಮಾಯುವುದರಿಂದ ಕೀರ್ತಿ ಮಂತ್ರಕ್ಕೆ ಸಲ್ಲುತ್ತದೆ. ಇಷ್ಟರಿಂದ ಹೆಚ್ಚಿನ ನಷ್ಟವಿಲ್ಲ. ನಷ್ಟವಾಗುವುದು ಇದರ ವಿಪರ್ಯಯದಲ್ಲಿ: ನಿಜವಾದ ಸರ್ಪಸುತ್ತನ್ನು ಹುಳುವಿನ ಗಾಯವೆಂದು ಕಡೆಗಣಿಸಿದಾಗ.

ಸರ್ಪಸುತ್ತು ಒಂದು ವೈರಸ್ ರೋಗ. ಬಾಲ್ಯದಲ್ಲಿ ಸೀತಾಳೆ ಸಿಡುಬನ್ನು ತಂದ ವೈರಸ್ಸೇ ನರಗಳ ಬುಡದಲ್ಲಿ ಅಡಗಿದ್ದು, ಎಷ್ಟೋ ವರ್ಷಗಳ ನಂತರ ಒಂದು ನರದ ಜಾಡು ಹಿಡಿದು ಮತ್ತೆ ಹೊರಬರುತ್ತದೆ. ಅದರಲ್ಲಿ ಸಾಮಾನ್ಯವಾಗಿ ಗುಳ್ಳೆಗಳು ಕಾಣುವುದಕ್ಕೆ ಒಂದೆರಡು ದಿನ ಮೊದಲೇ ಆ ಭಾಗದಲ್ಲಿ ನೋವು ತೊಡಗಿರುತ್ತದೆ, ಗುಳ್ಳೆಗಳು ಗೊಂಚಲುಗೊಂಚಲಾಗಿ ದೇಹದ ಒಂದೇ ಪಕ್ಕದಲ್ಲಿ ಪಟ್ಟಿಯಾಗಿ ಏಳುತ್ತವೆ, ನಡುಗೆರೆಯನ್ನು ದಾಟುವುದಿಲ್ಲ. ಹುಳುವಿನ ಗಾಯಕ್ಕೆ ನರದ ಜಾಡಿನ ಹಂಗಿಲ್ಲ. ಅದು ಕೈಯಾಡಿದ ಕಡೆಗೆಲ್ಲ ಹೋಗುತ್ತದೆ, ನಡುಗೆರೆಯನ್ನೂ ದಾಟುತ್ತದೆ. ಸರ್ಪಸುತ್ತಿಗೆ ವೈರಸ್ ನಿರೋಧಕ ಔಷಧಗಳಿವೆ. ಗುಳ್ಳೆಗಳು ಕಂಡ 72 ಗಂಟೆಗಳೊಳಗೆ ಆರಂಭಿಸಿದರೆ ಅವುಗಳ ಫಲ ಹೆಚ್ಚು. ವಯಸ್ಸಾದವರಲ್ಲಿ, ಅದರಲ್ಲೂ ಹಣೆ ಮತ್ತು ಕಣ್ಣಿನ ಸಮೀಪ ಬಂದಾಗ, ಒಂದು ದಿನದ ವಿಳಂಬವೂ ಕೂಡದು. ಸಂದೇಹ ಬಂದಲ್ಲಿ ನಿರ್ಣಯವನ್ನು ಮನೆಯ ಪಡಸಾಲೆಯಲ್ಲಿ ಮಾಡದೆ ವೈದ್ಯರಿಗೆ ಬಿಡುವುದು ಲೇಸು.

ಏನು ಮಾಡಬೇಕು?

ಹುಳು ಮೈಮೇಲೆ ಕುಳಿತದ್ದು ಕಂಡರೆ ಹೊಡೆಯಬಾರದು, ಉಜ್ಜಬಾರದು. ಬಾಯಿಂದ ಊದಿದರೆ ಹಾರಿಹೋಗುತ್ತದೆ. ಇಲ್ಲವೇ ಒಂದು ಕಾಗದದ ತುಂಡನ್ನು ಒಡ್ಡಿ ಅದರ ಮೇಲೆ ಹತ್ತಿಸಿಕೊಂಡು ಹೊರಗೆ ಬಿಡಬಹುದು. ಹುಳು ನಡೆದುಹೋದ ಮಾತ್ರಕ್ಕೆ ಗಾಯವಾಗುವ ಸಂಭವ ಕಡಿಮೆ. ಆದರೂ ಆ ಜಾಗವನ್ನು ತೊಳೆದುಕೊಳ್ಳುವುದು ಒಳ್ಳೆಯದು. ಆಕಸ್ಮಾತ್ತಾಗಿ ಹುಳು ನುರಿದುಹೋದರೆ ಕೂಡಲೇ ಸಾಬೂನು ಹಚ್ಚಿ ಧಾರಾಳವಾದ ನೀರಿನಿಂದ ಆ ಭಾಗವನ್ನೂ ಕೈಗಳನ್ನೂ ತೊಳೆಯಬೇಕು. ತೊಳೆಯುವ ಮುನ್ನ ಕಣ್ಣು, ಮುಖ ಮುಟ್ಟಬಾರದು. ತೊಟ್ಟ ಬಟ್ಟೆ, ಹಾಸಿಗೆಯ ಹೊದಿಕೆ, ಟವೆಲುಗಳನ್ನೂ ಒಗೆಯಬೇಕು.

ಗಾಯವೆದ್ದ ಮೇಲೆ ತಣ್ಣೀರಿನಲ್ಲಿ ಅದ್ದಿದ ಶುಭ್ರವಾದ ಬಟ್ಟೆಯನ್ನು ಆಗಾಗ ಹಾಕುವುದರಿಂದ ಉರಿ ತಗ್ಗುತ್ತದೆ. ಗುಳ್ಳೆಗಳನ್ನು ಚುಚ್ಚಬಾರದು, ಕೆರೆಯಬಾರದು. ಸುಣ್ಣ, ಟೂತ್‌ಪೇಸ್ಟ್, ಯಾವುದೋ ಎಲೆಯ ರಸಗಳನ್ನು ಬಳಿದರೆ ಸುಟ್ಟ ಚರ್ಮ ಇನ್ನಷ್ಟು ಕೆಡುತ್ತದೆ. ವೈದ್ಯರು ಗಾಯದ ಮಟ್ಟವನ್ನು ನೋಡಿ ಸ್ಟೀರಾಯ್ಡ್ ಮುಲಾಮನ್ನು ಕೆಲವು ದಿನಗಳ ಮಟ್ಟಿಗೆ ಬರೆದುಕೊಡುತ್ತಾರೆ. ಕೀವಾಗಿದ್ದರೆ ಆಂಟಿಬಯಾಟಿಕ್ ಕೊಡುತ್ತಾರೆ. ಇದನ್ನು ನೆನಪಿಟ್ಟುಕೊಂಡು ಮುಂದಿನ ಸಲ ಔಷಧದಂಗಡಿಯಲ್ಲಿ ತಾವೇ ಸ್ಟೀರಾಯ್ಡ್ ಕೊಳ್ಳುವ ಅಭ್ಯಾಸ ಅಪಾಯಕರ. ಅದೇ ಮುಲಾಮು ಹುಳುಕಡ್ಡಿಗೆ ಬಳಿದರೆ ರೋಗ ಒಳಗೊಳಗೇ ಬೆಳೆಯುತ್ತದೆ. ಮುಖಕ್ಕೆ ತಿಂಗಳುಗಟ್ಟಲೆ ಬಳಿದರೆ ಚರ್ಮ ತೆಳುವಾಗುತ್ತದೆ. ಕಣ್ಣಿಗೆ ತಗುಲಿದ್ದರೆ, ಮಗುವಿನ ಮುಖದಲ್ಲಾಗಿದ್ದರೆ, ಜ್ವರ ಬಂದರೆ, ಕೆಂಪು ಸುತ್ತಲೂ ಹಬ್ಬುತ್ತಿದ್ದರೆ ತಡಮಾಡದೆ ವೈದ್ಯರನ್ನು ಕಾಣಬೇಕು.

ನಗರದ ಮನೆಯೂ ಗದ್ದೆಯ ಹುಳುವೂ

ಮಹಾನಗರದ ಬಹುಮಹಡಿ ಕಟ್ಟಡಕ್ಕೂ ಗದ್ದೆಯ ಹುಳುವಿಗೂ ಏನು ಸಂಬಂಧ? ಮಲೇಷ್ಯದ ಪಿನಾಂಗ್ ಪ್ರಾಂತದಲ್ಲಿ ಗದ್ದೆಗಳ ಪಕ್ಕದ ವಸತಿ ಕಟ್ಟಡಗಳಲ್ಲಿ ಪೀಡೆರಸ್ ಫ್ಯೂಸಿಪೀಸ್ ಹಾವಳಿಯನ್ನು ವಿಜ್ಞಾನಿಗಳು ಅಭ್ಯಸಿಸಿದ್ದಾರೆ. ಭತ್ತದ ಕೊಯ್ಲಾದಾಗ ಮತ್ತು ನೆಲವನ್ನು ಉಳುವಾಗ ನೆಲೆ ಕಳೆದುಕೊಂಡ ಹುಳುಗಳು ಗುಂಪಾಗಿ ಎದ್ದು ಹಾರುತ್ತವೆ. ರಾತ್ರಿಯಲ್ಲಿ ಅವುಗಳನ್ನು ಸೆಳೆಯುವುದು ಕಟ್ಟಡಗಳ ಬೆಳಕು. ನಮ್ಮ ನಗರಗಳ ಹೊಸ ಬಡಾವಣೆಗಳೂ ಬಹುಮಟ್ಟಿಗೆ ಗದ್ದೆ, ಕೆರೆಯಂಚು, ಜೌಗುಭೂಮಿಗಳ ಮೇಲೆ ಅಥವಾ ಅವುಗಳ ಮಗ್ಗುಲಲ್ಲೇ ಎದ್ದಿವೆ. ಬಾಡಿಗೆ ಕಡಿಮೆಯೆಂದು ನಗರದ ಅಂಚಿಗೆ ಹೋದ ಕುಟುಂಬ, ವಿದ್ಯಾರ್ಥಿ ನಿಲಯದ ಮಕ್ಕಳು, ರಾತ್ರಿ ಪಾಳಿಯ ಕಾವಲುಗಾರ, ಕಟ್ಟಡ ಕೆಲಸದ ಶೆಡ್ಡುಗಳಲ್ಲಿ ಮಲಗುವ ಕೂಲಿಕಾರ, ಇವರಿಗೆ ಈ ಹುಳು ಹೆಚ್ಚಾಗಿ ಎದುರಾಗುವುದು ಸಹಜ.

ಆದುದರಿಂದ ಮಳೆಗಾಲದಲ್ಲಿ ಕೆಲವು ಕ್ರಮಗಳು ಅವಶ್ಯ. ಮುಸ್ಸಂಜೆಯಿಂದ ಕಿಟಕಿಗಳಿಗೆ ಸಣ್ಣ ಕಣ್ಣಿನ ಜಾಲರಿ ಇರಲಿ. ಅನವಶ್ಯಕವಾದ ದೀಪಗಳನ್ನು, ಮುಖ್ಯವಾಗಿ ಬಾಲ್ಕನಿಯ ದೀಪವನ್ನು, ಆರಿಸಬೇಕು. ಹಾಸಿಗೆಯನ್ನು ದೀಪದ ನೇರ ಕೆಳಗೆ ಹಾಸಬಾರದು. ಸೊಳ್ಳೆಪರದೆ ಕಟ್ಟಿದರೆ ಎರಡು ಉಪಯೋಗ. ಮಲಗುವ ಮುನ್ನ ಹಾಸಿಗೆಯನ್ನೂ, ಸ್ನಾನದ ನಂತರ ಮುಖಕ್ಕೆ ಒತ್ತುವ ಮುನ್ನ ಟವೆಲನ್ನೂ ಒಮ್ಮೆ ಕೊಡವಬೇಕು. ಬೆಳಗ್ಗೆ ದೀಪದ ಕೆಳಗೆ ಸತ್ತು ಬಿದ್ದ ಹುಳುಗಳನ್ನು ಪೊರಕೆಯಿಂದ ಗುಡಿಸಬೇಕೇ ಹೊರತು ಬರಿಗೈಯಿಂದ ಎತ್ತಬಾರದು. ಒಣಗಿದ ಹುಳುವಿನಲ್ಲಿಯೂ ವಿಷ ಉಳಿದಿರುತ್ತದೆ.

ರೈತನ ಮಿತ್ರ

ಇಷ್ಟು ಓದಿದವರಿಗೆ ಈ ಹುಳುವಿನ ಕುಲವನ್ನೇ ನಿರ್ಮೂಲ ಮಾಡಬಾರದೇಕೆ ಎಂಬ ವಿಚಾರ ಬಂದರೆ ಆಶ್ಚರ್ಯವಿಲ್ಲ. ಕೀಟನಾಶಕ ಸಿಂಪಡಿಸಲು ಗೃಹಸಂಘಗಳ ಸಭೆಗಳಲ್ಲಿ ಗೊತ್ತುವಳಿಯಾಗುವುದೂ ಉಂಟು. ಆದರೆ ಗದ್ದೆಯಲ್ಲಿ ನಿಂತು ನೋಡಿದಾಗ ಇದೇ ಹುಳುವಿನ ಇನ್ನೊಂದು ಮುಖ ಕಾಣುತ್ತದೆ. ಪೀಡೆರಸ್ ಫ್ಯೂಸಿಪೀಸ್ ಬೇಟೆಗಾರ. ಭತ್ತದ ಪೈರಿನ ಬುಡದಿಂದ ತುದಿಯವರೆಗೆ ಓಡಾಡುತ್ತ ಅದು ಕಂದು ಜಿಗಿಹುಳುವಿನ ಮರಿಗಳನ್ನು, ಹಸಿರು ಜಿಗಿಹುಳುಗಳನ್ನು, ಹೇನುಗಳನ್ನು, ಎಳೆಯ ಕಂಬಳಿಹುಳುಗಳನ್ನು ಹಿಡಿದು ತಿನ್ನುತ್ತದೆ. ಪೈರನ್ನು ಸುಟ್ಟಂತೆ ಒಣಗಿಸುವ ಕಂದು ಜಿಗಿಹುಳು ಏನೆಂಬುದನ್ನು ತುಂಗಭದ್ರಾ ಅಚ್ಚುಕಟ್ಟಿನ ಯಾವ ರೈತನಿಗೂ ವಿವರಿಸಬೇಕಾಗಿಲ್ಲ.

ವಿವೇಚನೆಯಿಲ್ಲದ ಕೀಟನಾಶಕದಿಂದ ಮೊದಲು ಸಾಯುವುದು ಇಂಥ ಬೇಟೆಗಾರರು. ಅವರಿಲ್ಲದ ಗದ್ದೆಯಲ್ಲಿ ಜಿಗಿಹುಳು ಇಮ್ಮಡಿಯಾಗಿ ಏಳುತ್ತದೆ. ಇಂಡೊನೇಷ್ಯದಲ್ಲಿ ಇದು ರಾಷ್ಟ್ರದ ಸಮಸ್ಯೆಯೇ ಆಗಿ, 1986ರಲ್ಲಿ ಅಲ್ಲಿಯ ಸರ್ಕಾರ 57 ಬಗೆಯ ಕೀಟನಾಶಕಗಳನ್ನು ಭತ್ತದ ಮೇಲೆ ಬಳಸದಂತೆ ನಿಷೇಧಿಸಿ, ಗದ್ದೆಯ ಸಹಜ ಬೇಟೆಗಾರರನ್ನು ಉಳಿಸಿಕೊಳ್ಳುವ ನೀತಿಯನ್ನು ಅಂಗೀಕರಿಸಿತು. ನಮ್ಮ ತಟ್ಟೆಯ ಅನ್ನದ ಹಿಂದೆ ಈ ಚಿಕ್ಕ ಹುಳುವಿನ ದುಡಿಮೆಯೂ ಇದೆ. ಅದನ್ನು ಗದ್ದೆಯಲ್ಲಿ ಬಾಳಗೊಟ್ಟು, ಮನೆಯೊಳಗೆ ಬಾರದಂತೆ ಜಾಲರಿ ಹಾಕಿಕೊಳ್ಳುವುದೇ ಉಭಯರಿಗೂ ಕ್ಷೇಮ.

ಉಪಸಂಹಾರ

ಒಂದು ಜೀವಿಯ ಹೆಸರನ್ನೂ ಕುಲವನ್ನೂ ವಾಸಸ್ಥಾನವನ್ನೂ ನಿಷ್ಕರ್ಷಿಸುವ ಕೆಲಸ ಪುಸ್ತಕಪಂಡಿತರ ಕಾಲಕ್ಷೇಪವೆಂದು ತೋರಬಹುದು. ಆದರೆ ನೊಣವಲ್ಲ ದುಂಬಿಯೆಂದು ತಿಳಿದದ್ದರಿಂದ ಅದು ಕಚ್ಚುವುದಿಲ್ಲವೆಂಬುದು ಗೊತ್ತಾಯಿತು. ಆಮ್ಲವಲ್ಲ ಪೆಡೆರಿನ್ ಎಂದು ತಿಳಿದದ್ದರಿಂದ ಗಾಯ ತಡವಾಗಿ ಏಳುವುದೇಕೆಂಬುದು ಗೊತ್ತಾಯಿತು. ಪರದೇಶದ್ದಲ್ಲ ಇಲ್ಲಿಯದೇ ಎಂದು ತಿಳಿದದ್ದರಿಂದ ಎಲ್ಲಿ, ಯಾವ ಋತುವಿನಲ್ಲಿ ಎಚ್ಚರವಾಗಿರಬೇಕೆಂಬುದು ಗೊತ್ತಾಯಿತು. ಹೊಡೆಯಬೇಡಿ, ಊದಿಬಿಡಿ, ಸಿಡಿದರೆ ಸಾಬೂನಿನಿಂದ ತೊಳೆಯಿರಿ, ಕಣ್ಣು ಮುಟ್ಟಬೇಡಿ, ಸಂದೇಹವಿದ್ದರೆ ವೈದ್ಯರನ್ನು ಕಾಣಿರಿ. ಮನೆಯ ಮಕ್ಕಳಿಗೂ ಕೆಲಸದವರಿಗೂ ಈ ನಾಲ್ಕು ಮಾತುಗಳನ್ನು ವಾಚಕರು ತಿಳಿಸಿಕೊಟ್ಟರೆ ಈ ಬರವಣಿಗೆಯ ಉದ್ದೇಶ ಈಡೇರಿದಂತೆ.